ಗೋಲು ಹೊಡೆಯದ ಆಟಗಾರನಿಗೆ ಸನ್ಮಾನ: ಮಂಗಳೂರಿನ ಒಂದು ಪ್ರಕರಣ ಅಧ್ಯಯನ

ಮಂಗಳೂರಿನ ಒಂದು ಅನುದಾನಿತ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘ ಇತ್ತೀಚೆಗೆ ತನ್ನ ಮಾಜಿ ಫುಟ್‌ಬಾಲ್ ಆಟಗಾರರೊಬ್ಬರನ್ನು ಕ್ರೀಡಾ ಸಾಧನೆಗಾಗಿ ಸನ್ಮಾನಿಸಿತು. ಶಾಲು, ಹಾರ, ಹಣ್ಣಿನ ಬುಟ್ಟಿ, ಸನ್ಮಾನ ಪತ್ರ ಎಲ್ಲವೂ ಕ್ರಮಪ್ರಕಾರ ಆಯಿತು. ಆದರೆ ಆಮಂತ್ರಣ ಪತ್ರಿಕೆ ಅಚ್ಚಾದಂದಿನಿಂದ ಸಮಾರಂಭದ ಮರುದಿನದವರೆಗೆ ನಡೆದದ್ದು ಬೇರೆ ಸಂಘಗಳವರೂ ತಿಳಿದುಕೊಳ್ಳಬೇಕಾದ ವಿಷಯ. ಸಂಘದವರ ಮತ್ತು ಆಟಗಾರರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಆಟಗಾರರನ್ನು ಅವರು ಆಡುತ್ತಿದ್ದ ಜಾಗದ ಹೆಸರಿನಿಂದ ‘ಸ್ಟಾಪರ್’ (ಹಿಂದಿನ ಸಾಲಿನ ನಡುವೆ ನಿಂತು ಎದುರಾಳಿಗಳನ್ನು ತಡೆಯುವವರು) ಎಂದೇ ಕರೆಯುತ್ತೇನೆ. ನಾನು ಬೇರೊಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣ ನಿರ್ದೇಶಕನಾಗಿದ್ದು ನಿವೃತ್ತನಾದವನು. ದಾಖಲೆ ನೋಡಿಕೊಡಿ ಎಂದು ಸಂಘದ ಕಾರ್ಯದರ್ಶಿ ಕರೆದ ಮೇಲೆ ಈ ವಿಷಯದೊಳಗೆ ಬಂದೆ.

ಹಿನ್ನೆಲೆ

ಈ ಸಂಘ ವರ್ಷಕ್ಕೊಮ್ಮೆ ಸನ್ಮಾನ ಮಾಡುತ್ತ ಬಂದಿದೆ. ಹಿಂದಿನ ಪಟ್ಟಿಯಲ್ಲಿ ಡಾಕ್ಟರುಗಳು, ಬ್ಯಾಂಕಿನ ದೊಡ್ಡ ಹುದ್ದೆಯಲ್ಲಿದ್ದವರು, ಗಲ್ಫಿನ ಉದ್ಯಮಿಗಳು, ಕಟ್ಟಡ ನಿಧಿಗೆ ಕೊಟ್ಟವರು ಇದ್ದಾರೆ. ಆಟಗಾರರು ಒಬ್ಬರೂ ಇಲ್ಲ. ಈ ಸಲ ಕ್ರೀಡೆಯ ನೆನಪು ಬಂದದ್ದಕ್ಕೆ ಒಂದು ಕಾರಣ, ಕಾಲೇಜಿಗೆ ನ್ಯಾಕ್ (ಕಾಲೇಜುಗಳ ಗುಣಮಟ್ಟ ಅಳೆದು ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ತಂಡ ಬರುವುದಿತ್ತು. ನ್ಯಾಕ್‌ನ ಐದನೆಯ ಮಾನದಂಡದಲ್ಲಿ ವಿದ್ಯಾರ್ಥಿಗಳ ಕ್ರೀಡಾ ಸಾಧನೆಯೂ ಬರುತ್ತಿತ್ತು, ಹಳೆ ವಿದ್ಯಾರ್ಥಿಗಳ ಒಡನಾಟವೂ ಬರುತ್ತಿತ್ತು. ಒಂದೇ ಕಾರ್ಯಕ್ರಮದಿಂದ ಎರಡಕ್ಕೂ ಕಾಗದ ಸಿಗುತ್ತಿತ್ತು. ಹೀಗೆ ಬರೆದರೆ ಸಂಘದ ಕೆಲವರಿಗೆ ಬೇಸರವಾಗಬಹುದು, ಆದರೆ ಆತುರ ಎಲ್ಲಿಂದ ಬಂತು ಎಂಬುದನ್ನು ಮುಚ್ಚಿಟ್ಟರೆ ಉಳಿದದ್ದು ಅರ್ಥವಾಗುವುದಿಲ್ಲ.

ಸ್ಟಾಪರ್ 1990ರ ದಶಕದಲ್ಲಿ ಬಿ.ಕಾಂ. ಓದಿದವರು. ನೇತ್ರಾವತಿಯ ಆಚೆ ದಡದ ಊರಿನವರು. ಆ ಕಡೆ, ಉಳ್ಳಾಲ, ತೊಕ್ಕೊಟ್ಟಿನಲ್ಲಿ, ಈ ಕಡೆ ಬಂದರು, ಕುದ್ರೋಳಿ, ಬೆಂಗರೆಗಳಲ್ಲಿ ಫುಟ್‌ಬಾಲ್ ಹುಚ್ಚು ಎಷ್ಟೆಂಬುದು ಮಂಗಳೂರಿನವರಿಗೆ ಗೊತ್ತು. ಮಳೆ ಹಿಡಿದು ಕ್ರಿಕೆಟ್ ನಿಂತ ಮೇಲೆ ನೆಹರೂ ಮೈದಾನ ಫುಟ್‌ಬಾಲಿನವರ ಪಾಲಿಗೆ ಬರುತ್ತದೆ. ಕೆಸರಿನಲ್ಲಿ ಚೆಂಡು ಉರುಳದೆ ನಿಂತುಬಿಡುವ ಆ ಮೈದಾನದಲ್ಲಿ ಫಾರ್ವರ್ಡ್‌ಗಳಿಗಿಂತ ಸ್ಟಾಪರ್‌ಗೆ ಕೆಲಸ ಹೆಚ್ಚು. ಕಾಲೇಜಿಗೆ ಮೂರು ವರ್ಷ ಆಡಿದ ನಮ್ಮ ಸ್ಟಾಪರ್ ಆಮೇಲೆ ಆಟ ಬಿಟ್ಟರು. ಈಗ ಮೀನು ಇಳಿಸುವ ದಕ್ಕೆಯ ಬಳಿ ಒಂದು ಐಸ್ ಪ್ಲಾಂಟಿನಲ್ಲಿ ಸೂಪರ್‌ವೈಸರ್.

ಅವರ ಹೆಸರು ಸೂಚಿಸಿದ್ದು ಗಲ್ಫಿನಲ್ಲಿರುವ ಸಹಪಾಠಿ. ಸೂಚಿಸಿದ್ದು ವಾಟ್ಸಾಪ್‌ನಲ್ಲಿ, ಎರಡು ಸಾಲಿನಲ್ಲಿ: ನಮ್ಮ ಕಾಲದ ಸ್ಟಾರ್ ಪ್ಲೇಯರ್, ಸಂತೋಷ್ ಟ್ರೋಫಿ ಆಡಿದವ. ಸಂತೋಷ್ ಟ್ರೋಫಿ ಎಂದರೆ ರಾಜ್ಯ ತಂಡಗಳ ರಾಷ್ಟ್ರಮಟ್ಟದ ಫುಟ್‌ಬಾಲ್ ಪಂದ್ಯಾವಳಿ. 2023ರ ಮಾರ್ಚಿನಲ್ಲಿ ಕರ್ನಾಟಕ ತಂಡ ಸೌದಿಯ ರಿಯಾಧ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತ್ತು. ಗಲ್ಫಿನಲ್ಲಿದ್ದ ಕರಾವಳಿಯವರಿಗೆ ಆ ಹೆಸರು ಬಾಯಲ್ಲೇ ಇತ್ತು. ಸಹಪಾಠಿ ಸುಳ್ಳು ಹೇಳಬೇಕೆಂದು ಹೇಳಿದ್ದಲ್ಲ. ಮೂವತ್ತು ವರ್ಷದ ಹಿಂದೆ ಹಾಸ್ಟೆಲಿನಲ್ಲಿ ಕೇಳಿದ್ದ ‘ಸ್ಟೇಟ್ ಕ್ಯಾಂಪ್’ (ರಾಜ್ಯ ತಂಡದ ಆಯ್ಕೆ ಶಿಬಿರ) ಎಂಬ ಮಾತು ಅವರ ನೆನಪಿನಲ್ಲಿ ಬೆಳೆದು ಟ್ರೋಫಿಯೇ ಆಗಿತ್ತು.

ಪ್ರಶ್ನೆ ಎದ್ದದ್ದು

ಆಮಂತ್ರಣ ಪತ್ರಿಕೆಯಲ್ಲಿ ಆ ಸಾಲು ‘ಸಂತೋಷ್ ಟ್ರೋಫಿ ಖ್ಯಾತಿಯ ಫುಟ್‌ಬಾಲ್ ಆಟಗಾರ’ ಎಂದು ಅಚ್ಚಾಯಿತು. ಫ್ಲೆಕ್ಸ್‌ಗೂ ಅದೇ ಹೋಯಿತು. ಪತ್ರಿಕೆಗಳಿಗೆ ಕಳಿಸುವ ಪ್ರಕಟಣೆಗೂ ಅದೇ. ಆಮಂತ್ರಣದ ಫೋಟೋ ಬ್ಯಾಚಿನ ಗ್ರೂಪಿಗೆ ಬಿದ್ದ ಸಂಜೆ, ಅದೇ ತಂಡದಲ್ಲಿ ಆಡಿದ್ದ ಇನ್ನೊಬ್ಬರು (ಮಧ್ಯದ ಸಾಲಿನ ಹಾಫ್‌ಬ್ಯಾಕ್, ಅವರನ್ನು ‘ಹಾಫ್’ ಎನ್ನೋಣ) ಕೇಳಿದರು: “ಯಾವ ವರ್ಷದ ಟೀಮಲ್ಲಿ? ನಾನು ಒಟ್ಟಿಗೇ ಆಡಿದವ, ನನಗೆ ನೆನಪಿಲ್ಲ.”

ಗ್ರೂಪಿನಲ್ಲಿ ಯಾರೂ ಉತ್ತರ ಕೊಡಲಿಲ್ಲ. ಸಮಿತಿಯ ಒಳಗೆ ಮಾತ್ರ ಮಾತು ಬಿಸಿಯಾಯಿತು. ಒಬ್ಬರು, ಸನ್ಮಾನ ಎಂದ ಮೇಲೆ ನಾಲ್ಕು ಮಾತು ಹೆಚ್ಚು ಹೇಳುವುದು ಇದ್ದದ್ದೇ, ಬಿಟ್ಟುಬಿಡಿ ಎಂದರು. ಇನ್ನೊಬ್ಬರು, ಗೊಂದಲ ಬೇಡ, ಈ ವರ್ಷ ಬೇರೆಯವರನ್ನು ನೋಡೋಣ, ಇವರಿಗೆ ಏನಾದರೂ ನೆಪ ಹೇಳಿದರಾಯಿತು ಎಂದರು. ಈ ಎರಡನೆಯ ಸಲಹೆಗೆ ಒಳ್ಳೆಯ ಬೆಂಬಲವಿತ್ತು, ಏಕೆಂದರೆ ಅದು ಜಾಗ್ರತೆಯ ಮಾತಿನ ಹಾಗೆ ಕೇಳಿಸುತ್ತದೆ. ನಿಜಕ್ಕೂ ಅದು ಬಂದ ಸಲಹೆಗಳಲ್ಲೆಲ್ಲ ಅತಿ ಕ್ರೂರವಾದದ್ದು: ಆಟಗಾರ ಏನನ್ನೂ ಹೇಳಿಕೊಂಡಿರಲಿಲ್ಲ, ಹೇಳಿದವರು ಬೇರೆಯವರು, ಪೆಟ್ಟು ಮಾತ್ರ ಅವರಿಗೆ. ಕಾರ್ಯದರ್ಶಿ, ಒಬ್ಬ ನಿವೃತ್ತ ಮೇಡಂ, ಮೂರನೆಯ ದಾರಿ ಹಿಡಿದರು. ಸಮಾರಂಭ ಹೇಳಿದ ದಿನವೇ ನಡೆಯಲಿ, ಅಷ್ಟರೊಳಗೆ ನಿಜ ಏನೆಂದು ತಿಳಿಯೋಣ ಎಂದರು. ಈ ಪ್ರಕರಣದ ಮೊದಲ ತಿರುವು ಅದು.

ಅಲ್ಲಿಯವರೆಗೆ ಯಾರೂ ಸ್ಟಾಪರ್ ಹತ್ತಿರ ನೀವು ಏನೇನು ಆಡಿದ್ದೀರಿ ಎಂದು ಕೇಳಿರಲಿಲ್ಲ. ಕೇಳಿದ್ದು ಇಷ್ಟೇ: ಆ ದಿನ ಬಿಡುವು ಉಂಟಾ?

ದಾಖಲೆಯ ಹುಡುಕಾಟ

ಕಾಲೇಜು ಆಟದಲ್ಲಿ ಮೂರು ಮೆಟ್ಟಿಲುಗಳಿವೆ, ಜನ ಮೂರನ್ನೂ ಒಂದೇ ಎಂದುಕೊಳ್ಳುತ್ತಾರೆ. ಒಂದೇ ವಿಶ್ವವಿದ್ಯಾನಿಲಯದ ಕಾಲೇಜುಗಳು ತಮ್ಮೊಳಗೆ ಆಡುವುದು ಅಂತರ ಕಾಲೇಜು. ಅಲ್ಲಿ ಆಡಿದವರಲ್ಲಿ ಆಯ್ದು ಕಟ್ಟುವ ತಂಡ ವಿಶ್ವವಿದ್ಯಾನಿಲಯದ ಪರವಾಗಿ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಗೆ ಹೋಗುತ್ತದೆ. ನಮ್ಮ ಕಡೆಯವರಿಗೆ ಅದು ದಕ್ಷಿಣ ವಲಯ. ಅಂಥವರನ್ನು ಕ್ಯಾಂಪಸ್ಸಿನಲ್ಲಿ ‘ಬ್ಲೂ’ ಎನ್ನುವುದು. ಸಂತೋಷ್ ಟ್ರೋಫಿ ಬೇರೆಯೇ ದಾರಿ. 1941ರಿಂದ ನಡೆಯುತ್ತಿರುವ ಅದರಲ್ಲಿ ಆಡುವವು ಮುಖ್ಯವಾಗಿ ರಾಜ್ಯ ಸಂಸ್ಥೆಗಳ ತಂಡಗಳು, ಕಾಲೇಜಿಗೂ ಅದಕ್ಕೂ ನೇರ ಸಂಬಂಧವಿಲ್ಲ. ರಾಜ್ಯದ ಆಯ್ಕೆ ಶಿಬಿರಕ್ಕೆ ಕರೆ ಬಂದರೆ ಸಂಭವನೀಯರ ಪಟ್ಟಿಯಲ್ಲಿ ಇದ್ದ ಹಾಗೆ, ರಾಜ್ಯಕ್ಕೆ ಆಡಿದ ಹಾಗಲ್ಲ.

ಸರ್ಕಾರಿ ಕೆಲಸದ ಕ್ರೀಡಾ ಕೋಟಾದಲ್ಲಿ ಈ ವ್ಯತ್ಯಾಸ ಬಹಳ ಸ್ಪಷ್ಟ. ಕೇಂದ್ರದ ನಿಯಮದಲ್ಲಿ ರಾಜ್ಯವನ್ನು ಪ್ರತಿನಿಧಿಸಿದವರಿಗೆ ಫಾರ್ಮ್ 2, ವಿಶ್ವವಿದ್ಯಾನಿಲಯವನ್ನು ಪ್ರತಿನಿಧಿಸಿದವರಿಗೆ ಫಾರ್ಮ್ 3. ಅಂತರ ಕಾಲೇಜಿಗೆ ಫಾರ್ಮೇ ಇಲ್ಲ. ಸನ್ಮಾನ ಸಮಿತಿಗಳು ಬೇರೇನೂ ಮಾಡದೆ ಈ ಮೂರು ಮೆಟ್ಟಿಲನ್ನು ಬೇರೆ ಬೇರೆಯಾಗಿ ಕೇಳಿದರೆ ಅರ್ಧ ತೊಂದರೆ ತಪ್ಪುತ್ತದೆ.

ಕಾಲೇಜಿನ ದೈಹಿಕ ಶಿಕ್ಷಣ ವಿಭಾಗದಲ್ಲಿ ಆ ವರ್ಷಗಳ ರಿಜಿಸ್ಟರ್ ಸಿಗಲಿಲ್ಲ. ಹಳೆ ಕಟ್ಟಡ ಕೆಡವಿದಾಗ ಎಲ್ಲಿಗೋ ಹೋಗಿದೆ. ಗಾಜಿನ ಕಪಾಟಿನ ಟ್ರೋಫಿಗಳ ಮೇಲೆ ಕಾಲೇಜಿನ ಹೆಸರು, ವರ್ಷ, ಸ್ಥಾನ ಇದೆ, ಆಡಿದವರ ಹೆಸರಿಲ್ಲ. ಆಗಿನ ಪತ್ರಿಕೆಗಳನ್ನು ತಿರುವಿದರೆ ಇನ್ನೊಂದು ತೊಡಕು. ಸ್ಥಳೀಯ ಪಂದ್ಯದ ವರದಿ ಎಂದರೆ ನಾಲ್ಕು ಸಾಲು, ಅದರಲ್ಲಿ ಗೋಲು ಹೊಡೆದವರ ಹೆಸರು. ಗೋಲು ಆಗದ ಹಾಗೆ ನೋಡಿಕೊಂಡವರ ಹೆಸರು ಎಲ್ಲಿ ಬರಬೇಕು? ಮೂರು ವರ್ಷವೂ ಹಿಂದಿನ ಸಾಲಿನಲ್ಲಿ ನಿಂತು ಆಡಿದ ಆಟಗಾರ ಕಾಗದದ ಲೆಕ್ಕದಲ್ಲಿ ಆಡಿಯೇ ಇಲ್ಲ.

ದಾರಿ ತೋರಿಸಿದ್ದು ಕಾಲೇಜಿನ ವಾರ್ಷಿಕ ಸಂಚಿಕೆ. ವಾರ್ಷಿಕೋತ್ಸವದ ಪ್ರಾಂಶುಪಾಲರ ವರದಿ ಅದರಲ್ಲಿ ಅಚ್ಚಾಗುತ್ತದೆ, ಆ ವರದಿಯ ಕೊನೆಯಲ್ಲಿ ಆಟೋಟದ ಒಂದು ಪ್ಯಾರಾ ಇರುತ್ತದೆ. ಯಾರೂ ಓದದ ಪ್ಯಾರಾ ಅದು. ಅಲ್ಲಿ ಸಿಕ್ಕಿತು: ನಮ್ಮ ಕಾಲೇಜಿನ ಮೂವರು ವಿದ್ಯಾರ್ಥಿಗಳು ದಕ್ಷಿಣ ವಲಯ ಅಂತರ ವಿಶ್ವವಿದ್ಯಾನಿಲಯ ಫುಟ್‌ಬಾಲ್ ಪಂದ್ಯಾವಳಿಯಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವನ್ನು ಪ್ರತಿನಿಧಿಸಿದರು. ಹೆಸರುಗಳೂ ಇದ್ದವು. ಆದರೆ ಸ್ಟಾಪರ್ ಹೆಸರಿನ, ಅದೇ ಇನಿಶಿಯಲ್‌ನ ಇನ್ನೊಬ್ಬ ಹುಡುಗ ಅದೇ ವರ್ಷ ಹಾಕಿ ತಂಡದಲ್ಲಿದ್ದ. ಪ್ಯಾರಾ ಒಂದನ್ನೇ ನಂಬುವ ಹಾಗಿರಲಿಲ್ಲ.

ನಡುವೆ ಒಂದು ಮಾತು, ಇನ್ನೂ ಹಳಬರ ದಾಖಲೆ ಹುಡುಕುವವರಿಗೆ. ಮಂಗಳೂರು ವಿಶ್ವವಿದ್ಯಾನಿಲಯ ಆರಂಭವಾದದ್ದು 1980ರಲ್ಲಿ. ಅದಕ್ಕೆ ಮೊದಲು ನಮ್ಮ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು, ಹಾಗಾಗಿ 1970ರ ದಶಕದ ಬ್ಲೂಗಳನ್ನು ಮಂಗಳೂರು ವಿಶ್ವವಿದ್ಯಾನಿಲಯವಿರುವ ಕೊಣಾಜೆಯಲ್ಲಿ ಹುಡುಕಿ ಫಲವಿಲ್ಲ. 1973ರ ನವೆಂಬರ್‌ಗಿಂತ ಮೊದಲು ರಾಜ್ಯ ತಂಡದ ಹೆಸರೇ ಮೈಸೂರು. ಉಡುಪಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕಿಂತ ಹಿಂದಿನ ಪ್ರಮಾಣಪತ್ರದಲ್ಲಿ ‘ದಕ್ಷಿಣ ಕನ್ನಡ ಜಿಲ್ಲಾ ತಂಡ’ ಎಂದಿದ್ದರೆ ಕುಂದಾಪುರದಿಂದ ಸುಳ್ಯದವರೆಗಿನ ಎಲ್ಲರ ನಡುವೆ ಗೆದ್ದು ಬಂದ ಜಾಗ ಅದು. ಅದನ್ನು ಇವತ್ತಿನ ಜಿಲ್ಲಾ ಮಟ್ಟ ಎಂದು ಓದಿದರೆ ಆಟಗಾರನಿಗೆ ಅನ್ಯಾಯ.

ಐಸ್ ಪ್ಲಾಂಟಿನಲ್ಲಿ

ಕಾರ್ಯದರ್ಶಿ ಮೇಡಂ ಮತ್ತು ನಾನು ಸ್ಟಾಪರ್ ಅವರನ್ನು ಕಾಣಲು ಅವರ ಕೆಲಸದ ಜಾಗಕ್ಕೇ ಹೋದೆವು. ಮನೆಗೆ ಬರುವುದು ಬೇಡ ಎಂದಿದ್ದರು. ಐಸ್ ಪುಡಿ ಮಾಡುವ ಕ್ರಷರ್‌ನ ಗದ್ದಲದಲ್ಲಿ ಮಾತು ಕೇಳಿಸದೆ ಹೊರಗೆ, ಮೀನಿನ ಕ್ರೇಟುಗಳ ಪಕ್ಕ ನಿಂತುಕೊಂಡೆವು. ಅವರು ಎಡಗಾಲಿನ ಮೇಲೇ ಭಾರ ಹಾಕಿ ನಿಲ್ಲುತ್ತಿದ್ದರು.

ಮೇಡಂ ಆಮಂತ್ರಣ ಪತ್ರಿಕೆ ತೋರಿಸಿದರು. ಅವರು ಅದನ್ನು ಅದೇ ಮೊದಲು ನೋಡಿದ್ದು.

“ಸಂತೋಷ್ ಟ್ರೋಫಿ ಅಂತ ಯಾರು ಹೇಳಿದ್ದು ಮೇಡಂ? ನಾನು ಆಡಲೇ ಇಲ್ಲ. ಕ್ಯಾಂಪಿಗೆ ಕರೆದಿದ್ದರು, ಬೆಂಗಳೂರಿಗೆ. ನಾನು ಹೋಗಲಿಲ್ಲ.”

ಯಾಕೆ ಹೋಗಲಿಲ್ಲ ಎಂದು ಕೇಳಿದೆ. ಸ್ವಲ್ಪ ಹೊತ್ತು ಕ್ರೇಟುಗಳ ಕಡೆ ನೋಡಿದರು. “ಸೆವೆನ್ಸ್ ಆಡ್ಲಿಕ್ಕೆ ಹೋದೆ ಸರ್. ಕಾಸರಗೋಡಿಗೆ. ತಂಗಿಯ ಮದುವೆ ಇತ್ತು. ಕ್ಯಾಂಪಿಗೆ ಹೋದರೆ ಕೈಯಿಂದ ಖರ್ಚು, ಅಲ್ಲಿ ಒಂದು ಮ್ಯಾಚಿಗೆ ಇಷ್ಟು ಅಂತ ರಾತ್ರಿಯೇ ಕೊಡ್ತಿದ್ದರು.”

ಕೇರಳದ ಸೆವೆನ್ಸ್ ಬಗ್ಗೆ ಗೊತ್ತಿಲ್ಲದವರಿಗೆ: ಒಂದೊಂದು ಕಡೆಗೆ ಏಳೇ ಆಟಗಾರರು, ಚಿಕ್ಕ ಮೈದಾನ, ಹಲವೆಡೆ ಕೊಯ್ಲು ಮುಗಿದ ಗದ್ದೆ. ಮರದ ಗ್ಯಾಲರಿ ಕಟ್ಟಿ, ಲೈಟು ಹಾಕಿ, ಟಿಕೆಟಿಟ್ಟು ಆಡಿಸುತ್ತಾರೆ. ಅಖಿಲ ಭಾರತ ಫುಟ್‌ಬಾಲ್ ಫೆಡರೇಶನ್ನಿನ ಮಾನ್ಯತೆ ಅದಕ್ಕಿಲ್ಲ. ಅಲ್ಲಿ ಆಡಿದ್ದು ಯಾವ ಪ್ರಮಾಣಪತ್ರಕ್ಕೂ ಬರುವುದಿಲ್ಲ. ಸ್ಟಾಪರ್ ಅವರ ಬಲ ಮಂಡಿ ಹೋದದ್ದು ಅಂಥ ಒಂದು ಗದ್ದೆಯಲ್ಲಿ. ಲಿಗಮೆಂಟ್ ಹರಿದಿತ್ತು, ಎಣ್ಣೆ ತಿಕ್ಕಿಸಿ ಪಟ್ಟಿ ಕಟ್ಟಿಸಿಕೊಂಡರು, ಅಲ್ಲಿಗೆ ಆಟ ಮುಗಿಯಿತು.

ವಿಶ್ವವಿದ್ಯಾನಿಲಯಕ್ಕೆ ಆಡಿದ್ದಕ್ಕೆ ಏನಾದರೂ ಕಾಗದ ಉಂಟಾ ಎಂದೆ. “ಸರ್ಟಿಫಿಕೇಟು ತೆಗೆದುಕೊಳ್ಳಲೇ ಇಲ್ಲ. ಫಾರ್ಮ್ ಮಾಡಿಸಿಕೊಳ್ಳಬೇಕು, ಕೆಲಸಕ್ಕೆ ಆಗ್ತದೆ ಅಂತ ಆಗ ಹೇಳುವವರು ಯಾರಿದ್ದರು? ಪೇಪರ್ ಕಟಿಂಗ್ ಒಂದು ಉಂಟು.” ಮರುದಿನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದುಕೊಟ್ಟರು. ಹಳದಿಯಾದ ಬೆರಳಗಲದ ಕಟಿಂಗ್. ದಕ್ಷಿಣ ವಲಯದ ಪಂದ್ಯದ ವರದಿ. ಮಂಗಳೂರು ವಿಶ್ವವಿದ್ಯಾನಿಲಯ ಸೋತಿತ್ತು. ಸೋತದ್ದು ನಮ್ಮ ಸ್ಟಾಪರ್ ಅವರ ಸೆಲ್ಫ್ ಗೋಲಿನಿಂದ, ಅಂದರೆ ತಮ್ಮದೇ ತಂಡದ ವಿರುದ್ಧ ಅವರಿಂದಾದ ಗೋಲಿನಿಂದ. ಹೆಸರು, ಇನಿಶಿಯಲ್, ಕಾಲೇಜು, ಮೂರನ್ನೂ ಸ್ಪಷ್ಟವಾಗಿ ಹಾಕಿದ್ದರು.

ನಾನು ನಗಬೇಕೋ ಬಾರದೋ ಎಂದು ನೋಡುತ್ತಿದ್ದೆ, ಅವರೇ ಮೊದಲು ನಕ್ಕರು. ಅವರು ಆಡಿದ್ದಕ್ಕೆ ಅಷ್ಟು ಖಚಿತವಾದ ಸಾಕ್ಷಿ ಇನ್ನೊಂದು ಇರಲಿಲ್ಲ. ಹಾಕಿ ಹುಡುಗನ ಗೊಂದಲ ಅಲ್ಲಿಗೆ ತೀರಿತು.

ಕ್ಯಾಂಪಿನ ವಿಷಯ ಬಾಕಿಯಿತ್ತು. ಕರೆದ ಪತ್ರ ಅವರಲ್ಲಿ ಉಳಿದಿರಲಿಲ್ಲ. ಇಲ್ಲಿ ಮೇಡಂ ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಗ್ರೂಪಿನಲ್ಲಿ ಪ್ರಶ್ನೆ ಎತ್ತಿದ ಹಾಫ್ ಅವರನ್ನು ಸಮಿತಿಯ ಅರ್ಧ ಜನ ತಂಟೆಕೋರ ಎಂದೇ ಬಗೆದಿದ್ದರು. ಮೇಡಂ ಅವರಿಗೇ ಫೋನ್ ಮಾಡಿದರು. ಹಾಫ್ ತಾವೇ ಆ ಶಿಬಿರಕ್ಕೆ ಹೋಗಿ ಅಂತಿಮ ತಂಡದಲ್ಲಿ ಜಾಗ ಸಿಗದೆ ಬಂದವರು. “ಪಟ್ಟಿಯಲ್ಲಿ ಅವನ ಹೆಸರು ನನಗಿಂತ ಮೇಲೆ ಇತ್ತು ಮೇಡಂ. ಅವ ಬರಲಿಲ್ಲ. ಬಂದಿದ್ದರೆ ಆಡ್ತಿದ್ದ, ಅದು ನಾನು ಎಲ್ಲಿ ಬೇಕಾದರೂ ಹೇಳ್ತೇನೆ. ಆದರೆ ಆಡಿದ್ದಾನೆ ಅಂತ ಹಾಕಿದರೆ ನನಗೆ ಆಗುವುದಿಲ್ಲ.” ತಮ್ಮ ಹತ್ತಿರವಿದ್ದ ಕರೆಪತ್ರದ ಫೋಟೋವನ್ನೂ ಕಳಿಸಿದರು. ಅದರ ಹಿಂಬದಿಯ ಪಟ್ಟಿಯಲ್ಲಿ ಎರಡೂ ಹೆಸರಿದ್ದವು. ಆಕ್ಷೇಪ ಎತ್ತಿದವರೇ ಸಾಕ್ಷಿಯಾದರು. ಅವರನ್ನು ದೂರವಿಟ್ಟಿದ್ದರೆ ಈ ಕಾಗದ ಬರುತ್ತಲೇ ಇರಲಿಲ್ಲ.

ಸನ್ಮಾನ ಪತ್ರದ ಸಾಲು

ನಿಜ ತಿಳಿದ ಮೇಲೂ ಸಮಿತಿಯ ಜಗಳ ನಿಲ್ಲಲಿಲ್ಲ, ಬೇರೆ ರೂಪಕ್ಕೆ ತಿರುಗಿತು. ಬರೀ ಯೂನಿವರ್ಸಿಟಿ ಪ್ಲೇಯರ್ ಎಂದರೆ ಅಂಥವರು ವರ್ಷಕ್ಕೆ ಮೂವರು ಇರುತ್ತಾರೆ, ಇವರಿಗೇ ಯಾಕೆ ಎಂಬ ಪ್ರಶ್ನೆ ಬಂತು. ಸಹಜವಾದ ಪ್ರಶ್ನೆಯೇ. ಹೆಸರು ಮೊದಲು ಆರಿಸಿ, ಕಾರಣ ಆಮೇಲೆ ಹುಡುಕಿದರೆ ಈ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಉತ್ತರ ಕೊಟ್ಟದ್ದು ಸ್ಟಾಪರ್ ಹಾಕಿದ ಷರತ್ತುಗಳು. ಆ ವರ್ಷ ವಿಶ್ವವಿದ್ಯಾನಿಲಯಕ್ಕೆ ಆಡಿದ ಉಳಿದಿಬ್ಬರ ಹೆಸರನ್ನೂ ಪತ್ರದಲ್ಲಿ ಹಾಕಬೇಕು ಎಂದರು. ಗಲ್ಫಿನ ಸ್ನೇಹಿತನ ಹೆಸರು ಎಲ್ಲೂ ತೆಗೆಯಬಾರದು ಎಂದರು. ಕಾರ್ಯಕ್ರಮ ಸಂಜೆ ಏಳರೊಳಗೆ ಮುಗಿಯಬೇಕು, ರಾತ್ರಿ ಪಾಳಿ ಉಂಟು ಎಂದರು. ಕೊನೆಯದನ್ನು ಒಪ್ಪಿಸಲು ಸಮಿತಿಗೆ ಹೆಚ್ಚು ಕಷ್ಟವಾಯಿತು, ಯಾಕೆಂದರೆ ಮುಖ್ಯ ಅತಿಥಿಗಳು ಎಂದೂ ಸಮಯಕ್ಕೆ ಬರುವವರಲ್ಲ.

ಹಾಗೆ ಆ ವರ್ಷದ ಮೂವರು ಬ್ಲೂಗಳ ಪರವಾಗಿ ಒಬ್ಬರಿಗೆ ಸನ್ಮಾನ ಎಂದಾಯಿತು. ಪತ್ರದ ಸಾಲನ್ನು ಹೀಗೆ ತಿದ್ದಿದರು: ಮಂಗಳೂರು ವಿಶ್ವವಿದ್ಯಾನಿಲಯ ತಂಡದ ಸ್ಟಾಪರ್ ಆಗಿ ದಕ್ಷಿಣ ವಲಯ ಅಂತರ ವಿಶ್ವವಿದ್ಯಾನಿಲಯ ಪಂದ್ಯಾವಳಿಯಲ್ಲಿ ಆಡಿದವರು, ರಾಜ್ಯ ತಂಡದ ಆಯ್ಕೆ ಶಿಬಿರಕ್ಕೆ ಕರೆ ಪಡೆದವರು. ಸೆವೆನ್ಸ್ ಸೇರಿಸಬೇಕೆಂದು ನಾನು ಹೇಳಿದೆ. ದುಡ್ಡಿಗೆ ಆಡಿದ್ದನ್ನು ಕಾಲೇಜಿನ ಪತ್ರದಲ್ಲಿ ಹೇಗೆ ಹಾಕುವುದು ಎಂದು ಒಬ್ಬರು ಹುಬ್ಬೇರಿಸಿದರು. ಐಪಿಎಲ್ ನೋಡುವಾಗ ಅವರಿಗೆ ಆ ಮುಜುಗರ ಇರುವುದಿಲ್ಲ. ಸ್ಟಾಪರ್ ಅವರಿಗೂ ಅದು ಬೇಡವಾಗಿತ್ತು, ಬಿಟ್ಟೆವು.

ಸಮಾರಂಭ ಮತ್ತು ಮರುದಿನ

ಫ್ಲೆಕ್ಸ್ ಬದಲಾಯಿಸಿದ್ದರು. ನಿರೂಪಕರ ಕೈಯಲ್ಲಿ ತಿದ್ದಿದ ಪತ್ರವಿತ್ತು, ಸರಿಯಾಗಿಯೇ ಓದಿದರು. ಆದರೆ ಮುಖ್ಯ ಅತಿಥಿಗಳು ಭಾಷಣಕ್ಕೆ ಇಟ್ಟುಕೊಂಡಿದ್ದು ಹಳೆಯ ಆಮಂತ್ರಣ ಪತ್ರಿಕೆ. ಸಂತೋಷ್ ಟ್ರೋಫಿಯಲ್ಲಿ ನಾಡಿನ ಕೀರ್ತಿ ಬೆಳಗಿದ ಎಂದು ಶುರುಮಾಡಿ ಅದರ ಮೇಲೆಯೇ ಬಹಳ ಹೊತ್ತು ಮಾತಾಡಿದರು. ವೇದಿಕೆಯಲ್ಲಿದ್ದವರೆಲ್ಲ ನೆಲ ನೋಡುತ್ತ ಕೂತರು.

ಸ್ಟಾಪರ್ ಎರಡು ಮಾತು ಆಡಲಿ ಎಂದಾಗ ಮೈಕಿನ ಹತ್ತಿರ ಬಂದು ಹೇಳಿದರು: “ಸಂತೋಷ್ ಟ್ರೋಫಿ ನಾನು ಆಡಿಲ್ಲ. ಯೂನಿವರ್ಸಿಟಿಗೆ ಆಡಿದ್ದೇನೆ. ಪೇಪರಿನಲ್ಲಿ ನನ್ನ ಹೆಸರು ಬಂದದ್ದು ಒಂದೇ ಸಲ, ಅದು ಸೆಲ್ಫ್ ಗೋಲ್ ಹೊಡೆದದ್ದಕ್ಕೆ.” ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದ ಈಗಿನ ತಂಡದ ಹುಡುಗರು ಬಿದ್ದು ಬಿದ್ದು ನಕ್ಕರು, ಆಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದರು. ಮುಖ್ಯ ಅತಿಥಿಗಳೂ ನಕ್ಕರು, ಬೇರೆ ದಾರಿ ಇರಲಿಲ್ಲ.

ಮರುದಿನ ಪತ್ರಿಕೆಯಲ್ಲಿ ಬಂದ ಶೀರ್ಷಿಕೆ: ಸಂತೋಷ್ ಟ್ರೋಫಿ ಆಟಗಾರನಿಗೆ ಸನ್ಮಾನ. ಪ್ರಕಟಣೆ ಮೊದಲೇ ಹೋಗಿತ್ತು, ಅದನ್ನು ಹಿಂದಕ್ಕೆ ಪಡೆಯಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಷ್ಟಾದರೆ ಪರವಾಗಿರಲಿಲ್ಲ. ವಾರದೊಳಗೆ ಆ ಕಟಿಂಗ್ ನ್ಯಾಕ್ ಫೈಲಿನಲ್ಲಿ ‘ರಾಷ್ಟ್ರಮಟ್ಟದ ಸಾಧನೆ’ಯ ಪುರಾವೆಯಾಗಿ ಕೂತಿತ್ತು. ಮೇಡಂ ಕಣ್ಣಿಗೆ ಬಿದ್ದು ತೆಗೆಸಿದರು. ಬೀಳದಿದ್ದರೆ, ಮೂವತ್ತು ವರ್ಷದ ನಂತರ ಯಾರೋ ಅದನ್ನೇ ದಾಖಲೆ ಎಂದು ಎತ್ತಿಕೊಳ್ಳುತ್ತಿದ್ದರು. ನಾವು ವಾರ್ಷಿಕ ಸಂಚಿಕೆಯ ಪ್ಯಾರಾವನ್ನು ಎತ್ತಿಕೊಂಡ ಹಾಗೆ.

ಬೇರೆ ಸಂಘಗಳು ಗಮನಿಸಬೇಕಾದದ್ದು

ತಪ್ಪು ಹುಟ್ಟಿದ್ದು ಒಂದು ಮೆಸೇಜಿನಲ್ಲಿ, ಹರಡಿದ್ದು ನಾಲ್ಕು ಕಡೆ: ಆಮಂತ್ರಣ, ಫ್ಲೆಕ್ಸ್, ಅತಿಥಿಗಳ ಟಿಪ್ಪಣಿ, ಪತ್ರಿಕಾ ಪ್ರಕಟಣೆ. ತಿದ್ದುಪಡಿ ಹೋದದ್ದು ಫ್ಲೆಕ್ಸ್‌ಗೆ ಮತ್ತು ಸನ್ಮಾನ ಪತ್ರಕ್ಕೆ ಮಾತ್ರ. ಮೊದಲ ಪ್ರತಿ ಯಾರ್ಯಾರಿಗೆ ಹೋಗಿದೆ ಎಂದು ಒಬ್ಬರು ಬರೆದಿಟ್ಟುಕೊಂಡಿದ್ದರೆ ಎರಡು ಫೋನ್ ಕರೆಯಲ್ಲಿ ಮುಗಿಯುವ ಕೆಲಸ. ಹೆಸರು ಸೂಚಿಸುವವರು ಪ್ರೀತಿಯಿಂದ ಬರೆಯುತ್ತಾರೆ, ಬರೆಯಲಿ. ಅದನ್ನು ಅಚ್ಚಿಗೆ ಕಳಿಸುವವರು ಬೇರೆಯವರಾಗಿರಬೇಕು, ಮತ್ತು ಕಳಿಸುವ ಮೊದಲು ಸನ್ಮಾನ ಪಡೆಯುವವರಿಗೇ ಒಮ್ಮೆ ಓದಿ ಹೇಳಬೇಕು. ಈ ಒಂದು ಹೆಜ್ಜೆ ಇದ್ದಿದ್ದರೆ ಇಷ್ಟು ಉದ್ದದ ಬರಹಕ್ಕೆ ವಿಷಯವೇ ಇರುತ್ತಿರಲಿಲ್ಲ.

ಡಿಫೆಂಡರ್, ಗೋಲ್‌ಕೀಪರ್, ಕಬಡ್ಡಿಯ ಕಾರ್ನರ್, ವಾಲಿಬಾಲಿನ ಸೆಟ್ಟರ್ ಇಂಥವರ ಸಾಧನೆ ಅಂಕಪಟ್ಟಿಯಲ್ಲಿ ಸಿಗುವುದು ಕಡಿಮೆ. ಪ್ರಾಂಶುಪಾಲರ ವರದಿ, ವಿಶ್ವವಿದ್ಯಾನಿಲಯ ತಂಡದ ಅರ್ಹತಾ ನಮೂನೆಗಳು, ಪ್ರಯಾಣ ಭತ್ಯೆಯ ವೋಚರ್, ಜೊತೆ ಆಡಿದವರ ಹತ್ತಿರವಿರುವ ಕಾಗದ, ಇವುಗಳಲ್ಲಿ ಹುಡುಕಬೇಕು. ಎದುರಾಳಿ ತಂಡದ ಫಾರ್ವರ್ಡ್ ಒಬ್ಬರನ್ನು ಕೇಳುವುದೂ ಒಳ್ಳೆಯ ಉಪಾಯ. ತಡೆದವರು ಯಾರೆಂದು ಅವರು ಮರೆಯುವುದಿಲ್ಲ.

ಆ ಕಾಲೇಜು ಈಗ ವಾರ್ಷಿಕ ವರದಿಯಲ್ಲಿ ಪೂರ್ತಿ ತಂಡದ ಹೆಸರನ್ನು, ಆಡಿದ ಜಾಗದ ಸಮೇತ ಹಾಕುತ್ತಿದೆ. ಸ್ಟಾಪರ್ ಅವರಿಗೆ ಅಂದಿನ ಪ್ರಾತಿನಿಧ್ಯದ ಬಗ್ಗೆ ದೃಢೀಕರಣ ಪತ್ರ ಕೋರಿ ಸಂಘ ವಿಶ್ವವಿದ್ಯಾನಿಲಯಕ್ಕೆ ಅರ್ಜಿ ಕೊಟ್ಟಿದೆ. ಈ ವಯಸ್ಸಿನಲ್ಲಿ ಅದನ್ನು ಎಂತ ಮಾಡುವುದು ಎಂದು ಅವರು ಕೇಳಿದರೂ ಅರ್ಜಿಗೆ ಸಹಿ ಹಾಕಿದರು. ಹೊಸ ನಾಮನಿರ್ದೇಶನ ಫಾರ್ಮಿನಲ್ಲಿ ಮೂರು ಮೆಟ್ಟಿಲುಗಳಿಗೆ ಮೂರು ಕಾಲಂ ಇವೆ. ಸೆವೆನ್ಸ್ ಆಡಿದವರಿಗೆ ನಾಲ್ಕನೆಯ ಕಾಲಂ ಬೇಕು ಎಂದು ಹಾಫ್ ಪಟ್ಟು ಹಿಡಿದಿದ್ದಾರೆ. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ಅದನ್ನು ಸೇರಿಸಿದ್ದಾರೆ.